ಕುದುರೆಯನ್ನು ಎತ್ತಿನ ಲೆಕ್ಕದಲ್ಲಿ ಹಿಡಿಯಬೇಡಿ

(ರಜತ ಮಹೋತ್ಸವದ ಅಂಗವಾಗಿ ಸಂಘದ ಆವರಣದಲ್ಲಿ ನಡೆದ ರಾಸುಗಳ ಆರೋಗ್ಯ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹರೂಪ)



ಈಗ ತಾನೇ ಡಾಕ್ಟರು ಸಾಹೇಬರು ಕೆಚ್ಚಲು ಬಾವಿನ ಬಗ್ಗೆ, ಕಾಲುಬಾಯಿ ಜ್ವರದ ಲಸಿಕೆ ಬಗ್ಗೆ ಬಹಳ ಚೆನ್ನಾಗಿ ತಿಳಿಸಿಕೊಟ್ಟರು. ನಾನು ಓದಿರೋದು ಎಸ್.ಎಸ್.ಎಲ್.ಸಿ., ಅವರಷ್ಟು ವಿದ್ವತ್ತು ನನ್ನಲ್ಲಿಲ್ಲ. ನಾನು ಕುದುರೆ ವಿಷಯ ಮಾತಾಡ್ತೀನಿ ಅಂದಾಗ ಹಿಂದಿನ ಸಾಲಿನಲ್ಲಿ ಯಾರೋ, "ಏನಪ್ಪಾ, ಇನ್ಮೇಲೆ ಕುದುರೆ ಹಾಲೂ ಡೈರಿಗೆ ಹಾಕ್ಬೇಕಾ" ಅಂತ ನಕ್ಕಿದ್ದು ಕೇಳಿಸ್ತು. ನಗೋದು ನ್ಯಾಯವೇ. ನಮ್ಮ ಸಂಘದಲ್ಲಿ ಹಸು ಇದ್ದಾವೆ, ಎಮ್ಮೆ ಇದ್ದಾವೆ, ಕುದುರೆ ಕಟ್ಟಿರೋ ಸದಸ್ಯ ಒಬ್ಬರೂ ಇಲ್ಲ. ಆದರೂ ಈ ವಿಷಯವನ್ನೇ ನಾನು ಕೇಳಿ ತಗೊಂಡೆ. ಯಾಕೆ ಅಂತ ಮೊದಲು ಹೇಳಿಬಿಡ್ತೀನಿ.

ಹೋದ ವರ್ಷ ನಮ್ಮೂರಿನ ಒಂದು ಮದುವೆ ನಿಮಗೆಲ್ಲ ನೆನಪಿದೆ. ಗಂಡನ್ನು ಕುದುರೆ ಮೇಲೆ ಕೂರಿಸಿ ಮೆರವಣಿಗೆ ಮಾಡಿದರು. ಮುಂದೆ ತಮಟೆ, ಹಿಂದೆ ಟ್ರ್ಯಾಕ್ಟರ್ ಮೇಲೆ ಡಿಜೆ, ಕಣ್ಣು ಕುಕ್ಕೋ ಲೈಟು. ದೇವಸ್ಥಾನದ ತಿರುವಿನಲ್ಲಿ ಯಾರೋ ಹುಡುಗರು ಪಟಾಕಿ ಸರಕ್ಕೆ ಬೆಂಕಿ ಕೊಟ್ಟರು. ಕುದುರೆ ಗಕ್ಕನೆ ತಿರುಗಿ ಹಿಂಗಾಲು ಝಾಡಿಸ್ತು. ಹಿಂದೆ ಬಾಲ ಮುಟ್ಟೋ ಆಸೆಯಲ್ಲಿ ನಿಂತಿದ್ದ ನಮ್ಮ ಸದಸ್ಯರೊಬ್ಬರ ಮಗ, ಒಂಬತ್ತು ವರ್ಷದ ಕೂಸು, ಅವನ ತೊಡೆ ಮೂಳೆ ಮುರೀತು. ಆಪರೇಷನ್ ಆಯ್ತು, ರಾಡು ಹಾಕಿದರು. ಈಗ ನಡೀತಾನೆ, ಆದರೆ ಓಡುವಾಗ ಸ್ವಲ್ಪ ಎಳೀತಾನೆ.

ಆವತ್ತು ಜನ ಏನು ಮಾಡಿದರು? ಕುದುರೆಗೆ ಕೊಬ್ಬು ಅಂದರು, ಮದ ಅಂದರು. ಒಬ್ಬರು ದೊಣ್ಣೆ ತಗೊಂಡು ಅದಕ್ಕೆ ನಾಲ್ಕು ಬಿಟ್ಟರು. ಕುದುರೆ ತಂದಿದ್ದ ಬಡವನ ಕೆನ್ನೆಗೂ ಬಿತ್ತು. ಪಟಾಕಿ ಹಚ್ಚಿದವರನ್ನು ಯಾರೂ ಕೇಳಲಿಲ್ಲ. ಮಗುವನ್ನು ಅಲ್ಲಿಂದ ಈಚೆಗೆ ಕರೆಯದ ನಾವು ದೊಡ್ಡವರೂ ನಮ್ಮನ್ನು ಕೇಳಿಕೊಳ್ಳಲಿಲ್ಲ. ಬಂಧುಗಳೇ, ನಾನು ಅಲ್ಲೇ ಹತ್ತು ಅಡಿ ದೂರದಲ್ಲಿ ನಿಂತಿದ್ದೆ. ಪಟಾಕಿ ಸರ ನೆಲದ ಮೇಲೆ ಬಿಚ್ಚುವಾಗಲೇ ಏನಾಗುತ್ತೆ ಅಂತ ನನಗೆ ಗೊತ್ತಿತ್ತು. ಮದುವೆ ಮನೆಯವರು ಏನಂದುಕೊಳ್ತಾರೋ ಅಂತ ಬಾಯಿ ಬಿಡಲಿಲ್ಲ. ಆ ತಪ್ಪಿಗೆ ಇವತ್ತು ಬಾಯಿ ಬಿಡ್ತಾ ಇದ್ದೀನಿ.

ಕುದುರೆ ನಮಗೆ ಹೊಸಬನಲ್ಲ. ಕುಣಿಗಲ್ ಅಂದರೆ ಹೊರಗಿನವರಿಗೆ ಎರಡೇ ನೆನಪು, ಒಂದು ಕೆರೆ, ಇನ್ನೊಂದು ಕುದುರೆ. ನಮ್ಮ ಕುಣಿಗಲ್ ಸ್ಟಡ್ ಫಾರಂ 400 ಎಕರೆಗೂ ಮಿಕ್ಕಿದ ಜಾಗ. ಟಿಪ್ಪು ಸುಲ್ತಾನರ ಕಾಲದಲ್ಲಿ ಸೈನ್ಯದ ಕುದುರೆ ಬೆಳೆಸಿದ ಜಾಗ ಅಂತ ಹೆಸರಾದದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಇಲ್ಲಿ ಕುದುರೆ ಸಾಕೋದು ನಿಲ್ಲಲಿಲ್ಲ. ಆಮೇಲಾಮೇಲೆ ಸೈನ್ಯಕ್ಕೆ ಕುದುರೆ ಬೇಡವಾಯ್ತು, ರೇಸಿಗೆ ಬೇಕಾಯ್ತು. 1992ರಲ್ಲಿ ಸರ್ಕಾರ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಟ್ಟಿತು. ಬೆಂಗಳೂರು, ಮೈಸೂರು ರೇಸುಗಳಲ್ಲಿ ಓಡಿದ ಎಷ್ಟೋ ಕುದುರೆ ಹುಟ್ಟಿದ್ದು ನಮ್ಮ ಕುಣಿಗಲ್ ಮಣ್ಣಿನಲ್ಲಿ. ನಮ್ಮ ಹಳೇ ಮೈಸೂರು ಸೀಮೆಯ ಕುದುರೆ ಸವಾರರು ಎಷ್ಟು ಗಟ್ಟಿಗರು ಅಂದರೆ, 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಲ್ಯಾನ್ಸರ್ ಪಡೆಯವರು ಈಟಿ ಹಿಡಿದು ಸಮುದ್ರದಾಚೆ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದರು.

ಅತ್ತ ಗುಬ್ಬಿ ಕಡೆ ನೋಡಿದರೆ, 1884ರಲ್ಲಿ ಶುರುವಾದ ಗುಬ್ಬಿ ಕಂಪನಿ. ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದರು ಅಂತ ನಮ್ಮ ತಾತನ ಕಾಲದವರು ಬಾಯಿ ತುಂಬಾ ಹೇಳೋರು. ತುಮಕೂರಿನಲ್ಲಿ ಜಟಕಾ ಗಾಡಿ ಹತ್ತಿದವರು ಈ ಸಭೆಯಲ್ಲೇ ಬೇಕಾದಷ್ಟು ಜನ ಇದ್ದೀರಿ. ನಾವು ಬೆಳೆಯೋ ಹುರುಳಿ ಒಂದು ಕಾಲಕ್ಕೆ ಕುದುರೆಯ ಮುಖ್ಯ ಆಹಾರ. ನಮ್ಮ ಹಸುಗೆ ಹಾಕೋ ಲೂಸರ್ನ್ ಸೊಪ್ಪಿಗೂ ಹೆಸರು ಕುದುರೆ ಮೆಂತ್ಯ. ಇಷ್ಟೆಲ್ಲ ಇದ್ದರೂ ಒಂದು ತಲೆಮಾರಿನಲ್ಲಿ ಜಟಕಾ ಹೋಯ್ತು, ಅದರ ಜೊತೆಗೆ ಕುದುರೆ ಹತ್ತಿರ ಹೆಂಗೆ ನಿಲ್ಲಬೇಕು ಅನ್ನೋ ತಿಳುವಳಿಕೆಯೂ ಹೋಯ್ತು. ಕುದುರೆ ಮಾತ್ರ ಹೋಗಿಲ್ಲ. ಮದುವೆಗೆ ಬರುತ್ತೆ, ಮೆರವಣಿಗೆಗೆ ಬರುತ್ತೆ, ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸೋಕೆ ಬರುತ್ತೆ.

ನನಗೆ ಈ ವಿಷಯ ಕಲಿಸಿದವರು ನಮ್ಮ ಸೋದರಮಾವ. ಅವರು ಕುದುರೆ ಫಾರಂನಲ್ಲಿ ಹುಲ್ಲು ಕೊಯ್ಯೋ ಕೂಲಿಗೆ ಸೇರಿ, ಆಮೇಲೆ ಕುದುರೆ ನೋಡಿಕೊಳ್ಳುವ ಕೆಲಸಕ್ಕೆ ಬಡ್ತಿ ಪಡೆದವರು. ನಾನು ಏಳನೇ ಕ್ಲಾಸ್ ಮುಗಿಸಿ ಬೇಸಿಗೆ ರಜಕ್ಕೆ ಅವರ ಮನೆಗೆ ಹೋಗಿದ್ದೆ. ಪಕ್ಕದ ಬೀದಿಯಲ್ಲಿ ಒಬ್ಬರು ಜಟಕಾ ಇಟ್ಟಿದ್ದರು. ಅವರ ತಟ್ಟು ಕುದುರೆಯನ್ನು ನೀರಿಗೆ ಹೊಡಕೊಂಡು ಬರ್ತೀನಿ ಅಂತ ಹಟ ಹಿಡಿದೆ. ಊರಲ್ಲಿ ಜೋಡೆತ್ತು ಹಿಡಿದವನು ನಾನು, ಈ ತಟ್ಟು ಯಾವ ಮಹಾ ಅನ್ನೋ ಜಂಬ. ಎತ್ತಿನ ಹಗ್ಗ ಹಿಡಿದ ಹಾಗೇ ಹಗ್ಗವನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡೆ. ರಸ್ತೆಗೆ ಬಂದ ಕೂಡಲೇ ಲಾರಿಯೊಂದು ಹಾರನ್ ಹೊಡೀತು. ಕುದುರೆ ಕಿತ್ತುಕೊಂಡು ಓಡ್ತು. ನಾನೂ ಹಗ್ಗದ ಜೊತೆಗೆ ಇಪ್ಪತ್ತು ಗಜ ನೆಲದ ಮೇಲೆ ಹೋದೆ. ಈ ಕಿರುಬೆರಳು ನೋಡಿ, ಇವತ್ತಿಗೂ ನೆಟ್ಟಗಾಗಲ್ಲ. ಡೈರಿಯಲ್ಲಿ ಲ್ಯಾಕ್ಟೋಮೀಟರ್ ಹಿಡಿದಾಗ ನೀವೆಲ್ಲ ನೋಡಿರ್ತೀರಿ, ಹೆಂಗಾಯ್ತು ಅಂತ ಯಾರೂ ಕೇಳಿರಲಿಲ್ಲ.

ಮಾವ ಬಂದು ಮೊದಲು ಕುದುರೆ ಹಿಡಿದು ಅದರ ಕತ್ತು ಸವರಿದರು. ನನಗೆ ಸಿಟ್ಟೇ ಬಂತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ರಾತ್ರಿ ಊಟಕ್ಕೆ ಕೂತಾಗ ಹೇಳಿದರು: "ಅಳಿಯಾ, ಅದು ನಿನ್ನ ಮೇಲೆ ಕೋಪ ಮಾಡ್ಕೊಳ್ಲಿಲ್ಲ. ಅದು ಹೆದರ್ತು. ಎತ್ತು ಹೆದರಿದರೆ ನಿಂತ್ಕೊಂಡು ಕೊಂಬು ತೋರಿಸ್ತದೆ. ಕುದುರೆಗೆ ಕೊಂಬಿಲ್ಲ ಕಣೋ, ದೇವರು ಅದಕ್ಕೆ ಓಡೋದೊಂದೇ ಕೊಟ್ಟವ್ನೆ. ಓಡಕ್ಕೆ ಆಗದಿದ್ದಾಗ ಒದೀತದೆ." ಬಂಧುಗಳೇ, ನಾನು ಇವತ್ತು ಹೇಳಬೇಕಾದ ಮಾತೆಲ್ಲ ಇದರೊಳಗೇ ಇದೆ. ಮಿಕ್ಕಿದ್ದು ಅದರ ವಿವರ.

ಕುದುರೆ ಬಯಲಲ್ಲಿ ಹಿಂಡಾಗಿ ಮೇಯುತ್ತಿದ್ದ ಪ್ರಾಣಿ. ಹುಲಿಯೋ ತೋಳವೋ ಬಂದರೆ ಮೊದಲು ಓಡಬೇಕು, ಆಮೇಲೆ ತಿರುಗಿ ನೋಡಬೇಕು. ನಿಂತು ಯೋಚನೆ ಮಾಡಿದ್ದು ಉಳಿಯಲಿಲ್ಲ. ಹಾಗಾಗಿ ಗಾಳಿಗೆ ಹಾರೋ ಪ್ಲಾಸ್ಟಿಕ್ ಕವರನ್ನು ಕಂಡರೂ ಬೆಚ್ಚುತ್ತೆ. ಅಷ್ಟು ದೊಡ್ಡ ಪ್ರಾಣಿ ಇದಕ್ಕೆ ಹೆದರುತ್ತಾ ಅಂತ ನಾವು ನಗ್ತೀವಿ. ರೇಸಿನ ಕುದುರೆ 450ರಿಂದ 500 ಕೆ.ಜಿ. ತೂಗುತ್ತೆ, ಹೆಚ್ಚು ಕಮ್ಮಿ ನಮ್ಮ ಎಚ್.ಎಫ್. ಹಸುವಿನಷ್ಟು. ಆ ತೂಕ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಬಲ್ಲದು. ಹೆದರಿಕೆ ಒಳಗೆ, ಬಲ ಹೊರಗೆ, ಅಪಾಯ ಇರೋದೇ ಇಲ್ಲಿ.

ಅದರ ಕಣ್ಣಿನ ವಿಷಯ ಕೇಳಿ. ಕುದುರೆ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ಮೇಯುತ್ತಲೇ ಸುತ್ತ ಹೆಚ್ಚುಕಡಿಮೆ ಪೂರಾ ಕಾಣುತ್ತೆ. ಕಾಣದೇ ಇರೋದು ಎರಡೇ ಜಾಗ. ಒಂದು, ನೇರ ಹಿಂದೆ, ಬಾಲದ ಸಾಲಿನಲ್ಲಿ. ಇನ್ನೊಂದು, ಮೂಗಿನ ಕೆಳಗೆ ಮತ್ತು ಹಣೆಯ ನೇರಕ್ಕೆ ತೀರಾ ಹತ್ತಿರ. ನಾವು ಅದನ್ನು ಮುಟ್ಟೋಕೆ ಹೋಗೋದು ಸರಿಯಾಗಿ ಇವೆರಡೇ ಜಾಗದಲ್ಲಿ! ಮಕ್ಕಳು ಬಾಲ ಮುಟ್ಟುತ್ತಾರೆ, ದೊಡ್ಡವರು ಹಣೆ ಮೇಲೆ ಫಟ್ ಅಂತ ಕೈ ಹಾಕ್ತಾರೆ. ಎರಡೂ ಕಡೆ ಅದಕ್ಕೆ ಕೈ ಕಾಣೋದಿಲ್ಲ, ಏನೋ ಬಂದು ತಗುಲಿದ ಹಾಗೆ ಆಗುತ್ತೆ. "ಕುದುರೆ ಹಿಂದೆ, ಅಧಿಕಾರಿ ಮುಂದೆ ಹೋಗಬೇಡ" ಅಂತ ನಮ್ಮ ಹಿರಿಯರು ಗಾದೆ ಮಾಡಿಟ್ಟದ್ದು ಸುಮ್ಮನೆ ಅಲ್ಲ. (ಡಾಕ್ಟರು ಸಾಹೇಬರು ಕ್ಷಮಿಸಬೇಕು.)

ಇನ್ನೊಂದು ಮಾತು. ಬಿಸಿಲಿನಿಂದ ಕತ್ತಲೆಗೆ ಬಂದರೆ ಅದರ ಕಣ್ಣು ಹೊಂದಿಕೊಳ್ಳೋಕೆ ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಕೊಟ್ಟಿಗೆ ಬಾಗಿಲಲ್ಲಿ, ಮರದ ನೆರಳಲ್ಲಿ, ಮೋರಿ ಮೇಲೆ ಕುದುರೆ ಗಕ್ಕನೆ ನಿಂತರೆ ಅದು ಹಟ ಅಲ್ಲ. ಮುಂದೆ ಹಳ್ಳವೋ ನೆಲವೋ ಅಂತ ನೋಡ್ತಾ ಇರುತ್ತೆ. ಅರ್ಧ ನಿಮಿಷ ಬಿಟ್ಟರೆ ತಾನೇ ನಡೆಯುತ್ತೆ. ಚಾವಟಿ ಎತ್ತಿದರೆ ಮುಂದಿನ ಸಲ ಆ ಜಾಗಕ್ಕೇ ಬರಲ್ಲ, ಯಾಕಂದರೆ ಪೆಟ್ಟು ತಿಂದ ಜಾಗ ಅದಕ್ಕೆ ವರ್ಷಗಟ್ಟಲೆ ನೆನಪಿರುತ್ತೆ.

ನಮ್ಮ ದನದ ಅಭ್ಯಾಸ ನಮಗೆ ಎಲ್ಲೆಲ್ಲಿ ಕೈ ಕೊಡುತ್ತೆ ನೋಡಿ. ಹಸು ಒದೆಯೋದು ಹೆಚ್ಚಾಗಿ ಪಕ್ಕಕ್ಕೆ ಮತ್ತು ಮುಂದಕ್ಕೆ. ಅದಕ್ಕೇ ಹಾಲು ಕರೆಯುವಾಗ ಪಕ್ಕದಲ್ಲಿ ಎಚ್ಚರವಾಗಿರ್ತೀವಿ, ಹಿಂದೆ ಹೋಗಿ ಬಾಲ ಎಳೆದು ಎಬ್ಬಿಸೋಕೆ ಹೆದರಲ್ಲ. ಕುದುರೆ ಒದೆಯೋದು ಹೆಚ್ಚಾಗಿ ನೇರ ಹಿಂದಕ್ಕೆ, ಒಂದು ಕಾಲಲ್ಲೋ ಎರಡು ಕಾಲೂ ಒಟ್ಟಿಗೋ. ಅದರ ಹಿಂಭಾಗಕ್ಕೆ ಎತ್ತಿಗೆ ಬಡಿದ ಹಾಗೆ ಅಂಗೈಯಲ್ಲಿ ಬಡಿಯೋದು ಅಂದರೆ ಒದೆ ಕೇಳಿ ತಗೊಂಡ ಹಾಗೆ. ಎತ್ತಿಗೆ ಮೂಗುದಾರ ಹಾಕ್ತೀವಿ. ಕುದುರೆಗೆ ಮೂಗುದಾರ ಇಲ್ಲ. ಯಾಕಂದರೆ ಕುದುರೆ ಬಾಯಿಯಿಂದ ಉಸಿರಾಡೋಕೆ ಆಗಲ್ಲ, ಮೂಗೇ ಅದಕ್ಕೆ ಉಸಿರಿನ ದಾರಿ. ಅದರ ಹಲ್ಲುಗಳ ನಡುವೆ ಖಾಲಿ ಜಾಗ ಇದೆ, ಅಲ್ಲಿ ಕಡಿವಾಣ ಕೂರುತ್ತೆ. ಆ ಜಾಗದ ಒಸಡು ಬಹಳ ಸೂಕ್ಷ್ಮ. ಮದುವೆ ಗಂಡು ಭಯಕ್ಕೆ ಲಗಾಮು ಜಗ್ಗಿ ಹಿಡಕೊಂಡರೆ ಅದಕ್ಕೆ ಬಾಯಲ್ಲಿ ನೋವು, ಮುಂದೆ ತಮಟೆ, ಹಿಂದೆ ಪಟಾಕಿ. ಎತ್ತ ಹೋಗಬೇಕು ಹೇಳಿ?

ಕುದುರೆ ಮೊದಲೇ ಹೇಳದೆ ಒದೆಯೋದು ಕಮ್ಮಿ. ಅದು ಹೇಳ್ತಾ ಇರುತ್ತೆ, ನಮಗೆ ಓದೋಕೆ ಬರಲ್ಲ ಅಷ್ಟೇ. ಅದರ ಪುಸ್ತಕ ಅಂದರೆ ಕಿವಿ. ಎರಡು ಕಿವಿಯೂ ಬೇರೆ ಬೇರೆ ಕಡೆ ತಿರುಗಬಲ್ಲವು. ಕಿವಿ ಮುಂದಕ್ಕಿದ್ದರೆ ಏನನ್ನೋ ಗಮನಿಸ್ತಾ ಇದೆ. ಕಿವಿ ಸಡಿಲವಾಗಿ ಪಕ್ಕಕ್ಕೆ ಬಿದ್ದು, ಕೆಳತುಟಿ ಜೋತು, ಒಂದು ಹಿಂಗಾಲನ್ನು ಸಡಿಲ ಬಿಟ್ಟಿದ್ದರೆ ನಿಂತೇ ತೂಕಡಿಸ್ತಾ ಇದೆ. ಆಗ ಕೂಗಿ ಎಚ್ಚರಿಸದೆ ಹತ್ತಿರ ಹೋಗಬಾರದು. ಕಿವಿ ಕತ್ತಿಗೆ ಅಂಟಿಕೊಂಡು ಹಿಂದಕ್ಕೆ ಚಪ್ಪಟೆ ಆಯ್ತು ಅಂದರೆ "ದೂರ ಇರು" ಅಂತ ಅರ್ಥ. ಬಾಲವನ್ನು ಚಾಟಿ ಥರ ಬೀಸೋದು, ಹಿಂಭಾಗವನ್ನು ನಮ್ಮ ಕಡೆ ತಿರುಗಿಸೋದು, ಕಣ್ಣಿನ ಬಿಳಿ ತೋರಿಸೋದು, ಮೂಗಿನ ಹೊಳ್ಳೆ ಅರಳಿಸಿ ಬುಸುಗುಟ್ಟೋದು, ಬಾಲ ಬಿಗಿದು ಮೈ ನಡುಗಿಸೋದು, ಇವೆಲ್ಲ ಆಮೇಲಿನ ಎಚ್ಚರಿಕೆ. ಆವತ್ತು ಆ ಮದುವೆ ಕುದುರೆ ದೇವಸ್ಥಾನದ ತಿರುವಿಗೆ ಬರೋಕೆ ಮುಂಚೆಯೇ ಇದರಲ್ಲಿ ನಾಲ್ಕನ್ನು ತೋರಿಸಿತ್ತು. ನಾನು ಕಣ್ಣಾರೆ ಕಂಡೆ.

ಅದೂ ನಮ್ಮನ್ನು ಓದುತ್ತೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 28 ಕುದುರೆಗಳಿಗೆ ಮನುಷ್ಯರ ನಗುಮುಖದ ಫೋಟೋ, ಸಿಟ್ಟಿನ ಮುಖದ ಫೋಟೋ ತೋರಿಸಿ ನೋಡಿದರಂತೆ. ಸಿಟ್ಟಿನ ಮುಖ ಕಂಡಾಗ ಅವುಗಳ ಎದೆ ಬಡಿತ ಬೇಗ ಏರಿತು ಅಂತ 2016ರಲ್ಲಿ ಪ್ರಕಟ ಮಾಡಿದರು. ನಮ್ಮ ಮಾವ ಇದನ್ನು ಓದಿದವರಲ್ಲ, ಆದರೆ ಮನೆಯಲ್ಲಿ ಜಗಳ ಆಡಿದ ದಿನ ಲಾಯದ ಬಾಗಿಲಲ್ಲಿ ಐದು ನಿಮಿಷ ಕೂತು ಬೀಡಿ ಮುಗಿಸಿ, ಮನಸ್ಸು ತಣ್ಣಗಾದ ಮೇಲೇ ಒಳಗೆ ಹೋಗ್ತಿದ್ದರು.

ಇನ್ನು ಹತ್ತಿರ ಹೋಗೋ ಕ್ರಮ. ಮಾವ ನನಗೆ ಕಲಿಸಿದ್ದನ್ನೇ ಹೇಳ್ತೀನಿ, ನಮ್ಮ ಹುಡುಗರು ದಯವಿಟ್ಟು ನೆನಪಿಡಬೇಕು. ಕುದುರೆ ಕೆಲಸಕ್ಕೆ ಹೋಗೋರು ಈಗಲೂ ನಮ್ಮ ತಾಲ್ಲೂಕಿನಲ್ಲಿ ಇದ್ದಾರೆ.

ಒಂದನೆಯದು, ದೂರದಿಂದಲೇ ಮಾತಾಡಿಸಿ. "ಬಾ ಮಗಾ, ಹೋ ಹೋ" ಅಂತ ಮೆಲುದನಿಯಲ್ಲಿ. ನೀವು ಬರೋದು ಅದಕ್ಕೆ ಗೊತ್ತಾಗಬೇಕು. ಅದು ಕಿವಿ ತಿರುಗಿಸಿದ ಮೇಲೆ ಹೆಜ್ಜೆ ಇಡಿ.

ಎರಡನೆಯದು, ಎಡಗಡೆಯಿಂದ, ಓರೆಯಾಗಿ, ಅದರ ಭುಜದ ಕಡೆಗೆ ಹೋಗಿ. ಹಿಂದಿನ ಕಾಲದ ಸವಾರರು ಎಡ ಸೊಂಟಕ್ಕೆ ಕತ್ತಿ ಕಟ್ಟುತ್ತಿದ್ದರು, ಅದಕ್ಕೇ ಎಡಗಡೆಯಿಂದ ಹತ್ತೋದು ರೂಢಿಯಾಯ್ತು ಅಂತಾರೆ. ಕುದುರೆಗೂ ಆ ಕಡೆಯಿಂದಲೇ ಅಭ್ಯಾಸ ಮಾಡಿಸಿರ್ತಾರೆ. ಮೊದಲು ಮುಟ್ಟೋದು ಕತ್ತು ಇಲ್ಲವೇ ಭುಜ. ಮುಖ ಅಲ್ಲ, ಬಾಲ ಅಲ್ಲ.

ಮೂರನೆಯದು, ಹಿಂದೆ ಹಾಯಲೇಬೇಕಾದರೆ ಎರಡು ಮಾರು ದೂರದಲ್ಲಿ ಹೋಗಿ. ಇಲ್ಲವೇ, ಪಳಗಿದವರು ಮಾತ್ರ, ಬೆನ್ನ ಮೇಲೆ ಕೈ ಇಟ್ಟುಕೊಂಡು, ಮಾತಾಡ್ತಾ, ಮೈಗೆ ಅಂಟಿಕೊಂಡ ಹಾಗೇ ಸುತ್ತಿ ಹೋಗಬೇಕು. ಅಂಟಿಕೊಂಡವನಿಗೆ ಒದೆಯ ಪೂರಾ ಬೀಸು ಸಿಗಲ್ಲ. ಒಂದು ಗಜ ದೂರ ಇದೆಯಲ್ಲ, ಆ ಮಗು ನಿಂತಿದ್ದ ಜಾಗ, ಅದೇ ಎಲ್ಲಕ್ಕಿಂತ ಕೆಟ್ಟ ಜಾಗ.

ನಾಲ್ಕನೆಯದು, ಹಗ್ಗವನ್ನು ಕೈಗಾಗಲೀ ಸೊಂಟಕ್ಕಾಗಲೀ ಸುತ್ತಿಕೊಳ್ಳಬೇಡಿ. ಮಿಕ್ಕ ಹಗ್ಗವನ್ನು ಮಡಿಸಿ ಹಿಡಿಯಿರಿ, ಎಳೆದರೆ ಜಾರಿ ಹೋಗಬೇಕು. ಕುದುರೆ ಹೋದರೆ ಹಿಡಿದು ತರಬಹುದು, ಬೆರಳು ಹೋದರೆ ತರೋಕಾಗಲ್ಲ. ಕಟ್ಟುವಾಗಲೂ ಒಂದು ತುದಿ ಎಳೆದರೆ ಬಿಚ್ಚಿಕೊಳ್ಳೋ ಜಾರುಗಂಟು ಹಾಕಿ. ಕಂಬ ಗಟ್ಟಿಯಾಗಿರಲಿ. ಕಟ್ಟಿದ ಹಗ್ಗ ಕಾಲಿಗೆ ತೊಡರುವಷ್ಟು ಉದ್ದ ಇರಬಾರದು.

ಐದನೆಯದು, ಮುಂದೆ ನಿಂತು ಎಳೆಯಬೇಡಿ. ನೀವು ಎಳೆದಷ್ಟೂ ಅದು ಹಿಂದಕ್ಕೆ ಎಳೆಯುತ್ತೆ. ಭುಜದ ಪಕ್ಕ ನಿಂತು ಅದರ ಜೊತೆ ನಡೆಯಿರಿ. ಪಾದಕ್ಕೆ ಗಟ್ಟಿ ಜೋಡು ಇರಲಿ. ಲಾಳ ಬಡಿದ ಕಾಲು ಹವಾಯಿ ಚಪ್ಪಲಿ ಮೇಲೆ ಬಿದ್ದರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಗೊರಸು ನೋಡುವಾಗ ಕುಕ್ಕರಗಾಲಲ್ಲಿ ಕೂರಬೇಡಿ, ಬಗ್ಗಿ ನಿಂತು ನೋಡಿ, ಏಳೋಕೆ ಹೊತ್ತು ಸಾಕಾಗಲ್ಲ.

ಆರನೆಯದು, ತಿನ್ನಿಸುವಾಗ ಅಂಗೈ ಚಪ್ಪಟೆ ಮಾಡಿ, ಅದರ ಮೇಲೆ ಬೆಲ್ಲವೋ ಕ್ಯಾರೆಟ್ಟೋ ಇಡಿ. ಬೆರಳಲ್ಲಿ ಹಿಡಿದು ಕೊಟ್ಟರೆ ಅದಕ್ಕೆ ಬೆರಳು ಯಾವುದು, ಕ್ಯಾರೆಟ್ ಯಾವುದು ಅಂತ ಕಾಣಲ್ಲ. ಮೂಗಿನ ಕೆಳಗೆ ಅದು ಕುರುಡು ಅಂತ ಆಗಲೇ ಹೇಳಿದೆನಲ್ಲ.

ಏಳನೆಯದು, ತಾಯಿ ಮತ್ತು ಮರಿ ಇರೋ ಕಡೆ ಹೋಗಬೇಡಿ, ಇಬ್ಬರ ಮಧ್ಯೆ ಅಂತೂ ನುಗ್ಗಲೇಬೇಡಿ. ನಮ್ಮ ಹಸು ಒಂಬತ್ತು ತಿಂಗಳಿಗೆ ಕರು ಹಾಕಿದರೆ ಕುದುರೆ ಹನ್ನೊಂದು ತಿಂಗಳು ಹೊರುತ್ತೆ. ಮರಿ ಹುಟ್ಟಿ ಒಂದೆರಡು ಗಂಟೆಯೊಳಗೆ ಎದ್ದು ನಿಲ್ಲುತ್ತೆ. ಹೊಟ್ಟೆಯಿಂದಲೇ ಓಡೋ ವಿದ್ಯೆ ಕಲಿತು ಬಂದ ಜಾತಿ ಅದು. ಹಾಗೇ ಒಂದು ವಿಶೇಷ ಹೇಳಿಬಿಡ್ತೀನಿ: ನಾವು ಹಸುವಿಗೆಲ್ಲ ಕೃತಕ ಗರ್ಭಧಾರಣೆ ಮಾಡಿಸ್ತೀವಿ. ರೇಸಿನ ಥರೋಬ್ರೆಡ್ ಕುದುರೆಗೆ ಅದು ನಡೆಯಲ್ಲ. ಸೂಜಿಯಿಂದ ಹುಟ್ಟಿದ ಮರಿಯನ್ನು ಅವರ ವಂಶಾವಳಿ ಪುಸ್ತಕದಲ್ಲಿ ಬರೆದುಕೊಳ್ಳೋದಿಲ್ಲ.

ಈಗ ಆರೋಗ್ಯದ ಎರಡು ಮಾತು. ಮದುವೆಗೆ ಬಂದ ಕುದುರೆಗೆ ನಮ್ಮ ಜನ ಪ್ರೀತಿಯಿಂದ ಅನ್ನ, ಹೋಳಿಗೆ, ಪಾಯಸ ಎಲ್ಲ ಸುರಿಯುತ್ತಾರೆ. ಇದು ಪ್ರೀತಿ ಅಲ್ಲ, ವಿಷ. ಹಸುವಿನ ದೊಡ್ಡ ಹೊಟ್ಟೆ ನೂರು ಲೀಟರ್ ಮೀರಿ ಹಿಡಿಯುತ್ತೆ, ಮೆಲುಕು ಹಾಕಿ ಸರಿಮಾಡಿಕೊಳ್ಳುತ್ತೆ. ಕುದುರೆ ಮೆಲುಕು ಹಾಕಲ್ಲ. ಅದರ ಜಠರ ಅಷ್ಟು ದೊಡ್ಡ ಮೈಗೆ ಬಹಳ ಚಿಕ್ಕದು, ಹತ್ತು ಹದಿನೈದು ಲೀಟರಿನ ಒಳಗೆ. ಮೇಲಾಗಿ ಕುದುರೆಗೆ ವಾಂತಿ ಮಾಡೋಕೆ ಬರಲ್ಲ. ತಿಂದದ್ದು ಕೆಟ್ಟರೆ ಹೊಟ್ಟೆಶೂಲೆ ಬಂದು ಒಂದೇ ರಾತ್ರಿಯಲ್ಲಿ ಸಾಯಬಹುದು. ಪದೇ ಪದೇ ಪಕ್ಕೆ ತಿರುಗಿ ನೋಡೋದು, ಮುಂಗಾಲಲ್ಲಿ ನೆಲ ಕೆರೆಯೋದು, ಬಿದ್ದು ಹೊರಳಾಡೋದು, ಬೆವರೋದು, ಲದ್ದಿ ಹಾಕದಿರೋದು, ಇವು ಶೂಲೆಯ ಗುರುತು. ಆಗ ನಾವು ದನಕ್ಕೆ ಗೊಟ್ಟದಲ್ಲಿ ಎಣ್ಣೆ ಕುಡಿಸಿದ ಹಾಗೆ ಕುಡಿಸೋಕೆ ಹೋಗಬಾರದು. ಅದು ಶ್ವಾಸಕೋಶಕ್ಕೆ ಇಳಿದು ಬೇರೆ ಅನಾಹುತ ಆಗುತ್ತೆ. ಡಾಕ್ಟರು ಮೂಗಿನ ಮೂಲಕ ಕೊಳವೆ ಇಳಿಸಿ ಔಷಧಿ ಕೊಡ್ತಾರೆ, ಅದು ಅವರ ಕೆಲಸ. ಹಾಗೇ ಕೋಳಿ ಫೀಡು ಕುದುರೆ ಬಾಯಿಗೆ ಸಿಗಬಾರದು. ಕೋಳಿ ಫೀಡಿಗೆ ಸೇರಿಸೋ ಮೊನೆನ್ಸಿನ್ ಎಂಬ ಔಷಧ ಕೋಳಿಗೆ ಒಳ್ಳೇದು, ಕುದುರೆಯ ಹೃದಯಕ್ಕೆ ಮಾರಕ.

ಕುದುರೆ ಒದ್ದು ಇಲ್ಲವೇ ಕಚ್ಚಿ ಗಾಯ ಆದರೆ ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಕುದುರೆ ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುತ್ತೆ, ಅದರ ಚುಚ್ಚುಮದ್ದು ಬೇಕೇ ಬೇಕು. ಕಚ್ಚಿದ್ದರೆ ಹುಚ್ಚುನಾಯಿ ರೋಗದ ಮಾತನ್ನೂ ಡಾಕ್ಟರಲ್ಲಿ ಕೇಳಿ, ಕುದುರೆಗೂ ಅದು ಬರುತ್ತೆ. ಹೊಟ್ಟೆಗೋ ತಲೆಗೋ ಒದೆ ಬಿದ್ದಿದ್ದರೆ ಹೊರಗೆ ಗಾಯ ಕಾಣದಿದ್ದರೂ ಸುಮ್ಮನಿರಬಾರದು, ಒಳಗೆ ರಕ್ತ ಸೋರಬಹುದು. ಇನ್ನು, ಮೂಗಿನಲ್ಲಿ ಕೀವಿನಂಥ ಸಿಂಬಳ, ಮೈ ಮೇಲೆ ಒಡೆದ ಗಂಟು ಇರೋ ಕುದುರೆಯನ್ನು ಮುಟ್ಟಲೇಬೇಡಿ. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆಯಿಂದ ಮನುಷ್ಯರಿಗೂ ಹರಡುತ್ತೆ. ಅಂಥದ್ದು ಕಂಡರೆ ಪಶು ಆಸ್ಪತ್ರೆಗೆ ತಿಳಿಸಿ.

ಇಷ್ಟೆಲ್ಲ ಕೇಳಿದ ಮೇಲೆ ಕುದುರೆ ಸಹವಾಸವೇ ಬೇಡ ಅಂತ ಅನ್ನಿಸಬಹುದು. ಒಂದು ಉಪಕಾರ ನೆನಪು ಮಾಡ್ತೀನಿ. ರಾತ್ರಿ ಮೂರು ಫೇಸ್ ಕರೆಂಟಿಗೆ ಕಾದು ತೋಟಕ್ಕೆ ನೀರು ಹಾಯಿಸೋರು ನಾವು. ಹಾವು ಕಚ್ಚಿ ಬದುಕಿ ಬಂದವರು ಈ ಸಭೆಯಲ್ಲೂ ಇದ್ದಾರೆ. ಆಸ್ಪತ್ರೆಯಲ್ಲಿ ಕೊಟ್ಟ ಆ ಔಷಧಿ ಎಲ್ಲಿಂದ ಬಂತು? ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ತೆಗೆದು ನಮಗೆ ಕೊಡ್ತಾರೆ. ನಾವು ದೊಣ್ಣೆಯಲ್ಲಿ ಹೊಡೆದ ಜಾತಿಯ ಪ್ರಾಣಿಯ ರಕ್ತ ನಮ್ಮ ಪೈಕಿಯವರ ಮೈಯಲ್ಲಿ ಕೆಲಸ ಮಾಡಿ ಜೀವ ಉಳಿಸಿದೆ.

ಹಾಗಾದರೆ ಮೆರವಣಿಗೆಗೆ ಕುದುರೆ ಬೇಡವೇ? ಬೇಡ ಅಂತ ನಾನು ಹೇಳಲ್ಲ, ಅದನ್ನು ನಂಬಿ ಹೊಟ್ಟೆ ಹೊರೆಯೋರು ಇದ್ದಾರೆ. ಮೈಸೂರು ದಸರಾ ನೋಡಿ. ಜಂಬೂಸವಾರಿಗೆ ಬರೋ ಆನೆ, ಕುದುರೆಗಳಿಗೆ ಮೊದಲೇ ಹಲವು ದಿನ ಫಿರಂಗಿ ಶಬ್ದದ ತಾಲೀಮು ಮಾಡಿಸ್ತಾರೆ. ಲಕ್ಷ ಜನರ ಮಧ್ಯೆ ಪೊಲೀಸ್ ಕುದುರೆ ಶಾಂತವಾಗಿ ನಡೆಯೋದು ಅದಕ್ಕೆ ಧೈರ್ಯ ಜಾಸ್ತಿ ಅಂತಲ್ಲ, ಆ ಸದ್ದು ತನ್ನನ್ನು ಏನೂ ಮಾಡಲ್ಲ ಅಂತ ಯಾರೋ ತಾಳ್ಮೆಯಿಂದ ಕಲಿಸಿರ್ತಾರೆ. ಬಾಡಿಗೆ ಕುದುರೆಗೆ ಆ ಭಾಗ್ಯ ಇಲ್ಲ. ಆದ್ದರಿಂದ ನಾವೇ ನಮ್ಮ ಸದ್ದನ್ನು ಕಮ್ಮಿ ಮಾಡಬೇಕು.

ನಮ್ಮ ಸಂಘದ ಸದಸ್ಯರು ತಮ್ಮ ಮನೆಯ ಮದುವೆ, ಜಾತ್ರೆಗೆ ಕುದುರೆ ತರಿಸಿದರೆ ಇಷ್ಟು ನಡೆಸಿಕೊಡಬೇಕು ಅಂತ ಕೈ ಮುಗಿದು ಕೇಳ್ತೀನಿ. ಕುದುರೆ ಬೀದಿಯಲ್ಲಿರುವಷ್ಟು ಹೊತ್ತು ಪಟಾಕಿ ಹಚ್ಚಬಾರದು. ಡಿಜೆ ಅದರ ಹಿಂದೆ ಬರಬಾರದು. ತಮಟೆಯವರು ಮುಂದೆ ಸ್ವಲ್ಪ ದೂರದಲ್ಲೇ ಇರಲಿ. ಕುದುರೆಯವನು ಲಗಾಮು ಬಿಡಬಾರದು, ಅವನನ್ನು ಊಟಕ್ಕೋ ಕುಣಿಯೋಕೋ ಎಳೆಯಬಾರದು. ಗಂಡಿನ ಹಿಂದೆ ಮುಂದೆ ಮಕ್ಕಳನ್ನು ಹತ್ತಿಸಬಾರದು. ಕುಡಿದವರು ಹತ್ತಿರ ಹೋಗಬಾರದು. ಕುದುರೆಯ ಹಿಂದೆ ಎರಡು ಮಾರು ಜಾಗ ಖಾಲಿ ಇರುವ ಹಾಗೆ ಇಬ್ಬರು ದೊಡ್ಡವರು ನೋಡಿಕೊಳ್ಳಬೇಕು. ಕುದುರೆ ಬೆದರಿದರೆ ಅರಚಬಾರದು, ಓಡಬಾರದು. ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ವಾದ್ಯ ನಿಲ್ಲಿಸಬೇಕು. ದಾರಿ ಕಂಡರೆ ಅದು ಒದೆಯಲ್ಲ, ಹೊರಟು ಹೋಗುತ್ತೆ.

ಒಂಬತ್ತು ವರ್ಷದ ಆ ಹುಡುಗನಿಗೆ ಈಗ ಹತ್ತು. ಹೋದ ವಾರ ಅವರ ಅಪ್ಪನ ಜೊತೆ ಹಾಲು ಹಾಕೋಕೆ ಡೈರಿಗೆ ಬಂದಿದ್ದ. ನಾನು ಕೇಳಿದೆ, "ಏನಪ್ಪಾ, ಕುದುರೆ ಕಂಡರೆ ಭಯ ಆಗುತ್ತಾ?" ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೂ ಜ್ವರ ಬಂದಿತ್ತಂತಾ ಅಂಕಲ್, ಹೊಡೆದರಲ್ಲ" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಕಾರ್ಯದರ್ಶಿಗಳು ಹಾಲು ಅಳೀತಾ ಇದ್ದೋರು ತಲೆ ಎತ್ತಿ ನನ್ನ ಮುಖ ನೋಡಿದರು. ಆವತ್ತೇ ನಾನು ಈ ಶಿಬಿರದಲ್ಲಿ ಹತ್ತು ನಿಮಿಷ ಕೊಡಿ ಅಂತ ಕೇಳಿದ್ದು.

ಹತ್ತು ನಿಮಿಷ ಅಂದವನು ಜಾಸ್ತಿ ತಗೊಂಡೆ. 25 ವರ್ಷದಿಂದ ಈ ಸಂಘ ನಮಗೆ ಹಸುವನ್ನು ಅರ್ಥ ಮಾಡಿಕೊಂಡು ಸಾಕೋದು ಕಲಿಸಿದೆ. ಹೊಡೆದರೆ ಹಾಲು ಇಳಿಯಲ್ಲ ಅಂತ ನಮಗೆ ಗೊತ್ತು. ಅದೇ ಬುದ್ಧಿಯನ್ನು ವರ್ಷಕ್ಕೊಂದು ಸಲ ನಮ್ಮೂರಿಗೆ ಬರೋ ಆ ಮೂಕಪ್ರಾಣಿಗೂ ತೋರಿಸೋಣ. ತಪ್ಪಿದ್ದರೆ ಡಾಕ್ಟರು ಸಾಹೇಬರು ತಿದ್ದಬೇಕು. 

ಜೈ ಸಹಕಾರ, ಜೈ ಕರ್ನಾಟಕ.